ಸಿಪಾಯಿಯ ಮನೆಯ ಲೆಕ್ಕ

ಯುದ್ಧದ ಇತಿಹಾಸವನ್ನು ನೀವು ಈಗಷ್ಟೇ ಓದತೊಡಗಿದ್ದರೆ, ಸೇನಾಪತಿಗಳ ಹೆಸರು, ಕಾಳಗಗಳ ತಾರೀಖುಗಳನ್ನು ಸ್ವಲ್ಪ ಹೊತ್ತು ಬದಿಗಿಡಿ. ಸಿಪಾಯಿಯೊಬ್ಬನ ಮನೆಯ ಉಗ್ರಾಣಕ್ಕೆ ಮೊದಲು ಹೋಗೋಣ. ಅವನು ಸೈನ್ಯ ಬಿಟ್ಟು ಏಕೆ ಓಡಿದ ಎಂಬುದಕ್ಕೆ ಉತ್ತರ ಎಷ್ಟೋ ಸಲ ಅಲ್ಲಿರುತ್ತದೆ.

ಅಮೆರಿಕದ ಅಂತರ್ಯುದ್ಧವನ್ನೇ ತೆಗೆದುಕೊಳ್ಳಿ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ದೇಶದಿಂದ ಬೇರ್ಪಟ್ಟು ಒಕ್ಕೂಟ ಕಟ್ಟಿಕೊಂಡವು. 1861ರಿಂದ 1865ರವರೆಗೆ ಯುದ್ಧ ನಡೆಯಿತು. ಅಲ್ಲಿನ ಸುಮಾರು 90 ಲಕ್ಷ ಜನರಲ್ಲಿ 35 ಲಕ್ಷ ಮಂದಿ ಗುಲಾಮರು. ಬಿಳಿಯರಲ್ಲಿ ಹೆಚ್ಚಿನ ಕುಟುಂಬಗಳಿಗೆ ಗುಲಾಮರಿರಲಿಲ್ಲ. ಅವರು ತಾವೇ ಉತ್ತು ಬಿತ್ತುವ ಸಣ್ಣ ರೈತರು. ಗಂಡಸು ಹೊರಟುಹೋದರೆ ನೇಗಿಲು ಹಿಡಿಯುವವರಿಲ್ಲ.

1862ರ ಏಪ್ರಿಲ್‌ನಲ್ಲಿ ಕಡ್ಡಾಯ ಭರ್ತಿಯ ಕಾನೂನು ಬಂತು. 18ರಿಂದ 35ರ ವಯಸ್ಸಿನ ಬಿಳಿಯ ಗಂಡಸರನ್ನು ಸರ್ಕಾರ ಸೈನ್ಯಕ್ಕೆ ಎಳೆದುಕೊಳ್ಳಬಹುದಿತ್ತು. ಒಂದು ವರ್ಷಕ್ಕೆಂದು ಮೊದಲೇ ಸೇರಿದ್ದವರನ್ನೂ ಬಿಡಲಿಲ್ಲ, ಅವಧಿ ಮೂರು ವರ್ಷವಾಯಿತು. ಅದೇ ಅಕ್ಟೋಬರ್‌ನಲ್ಲಿ, 20 ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಂತೆ ವಿನಾಯಿತಿ ಕೊಟ್ಟರು. ಸಾಹುಕಾರರ ಯುದ್ಧಕ್ಕೆ ಬಡವರ ತಲೆ ಎಂಬ ಸಿಟ್ಟು ಹುಟ್ಟಿದ್ದರಲ್ಲಿ ಆಶ್ಚರ್ಯವೇನಿದೆ?

ಈಗ ಸಂಬಳದ ಲೆಕ್ಕ ಹಾಕಿ. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 11 ಡಾಲರ್, ಅದೂ ಅನೇಕ ಸಲ ತಿಂಗಳುಗಟ್ಟಲೆ ತಡವಾಗಿ. ಸರ್ಕಾರ ನೋಟು ಅಚ್ಚುಹಾಕುತ್ತಲೇ ಹೋದದ್ದರಿಂದ, 1864ರ ಆರಂಭದ ಹೊತ್ತಿಗೆ ಒಂದು ಚಿನ್ನದ ಡಾಲರ್‌ಗೆ ಸುಮಾರು 20 ಕಾಗದದ ಡಾಲರ್ ಕೊಡಬೇಕಾಗಿತ್ತು. ಅಂದರೆ ಅವನ ತಿಂಗಳ ದುಡಿಮೆಗೆ ಅರ್ಧ ಚಿನ್ನದ ಡಾಲರ್‌ಗಿಂತ ಸ್ವಲ್ಪವೇ ಹೆಚ್ಚು ಬೆಲೆ.

ಇನ್ನು ಉಪ್ಪು. ಚಳಿಗಾಲದ ಮೊದಲಲ್ಲಿ ಹಂದಿ ಕಡಿದು, ಮಾಂಸಕ್ಕೆ ಉಪ್ಪು ಹಚ್ಚಿ ವರ್ಷವಿಡೀ ಕಾಪಾಡಿಕೊಳ್ಳುವುದು ಆ ಮನೆಗಳ ರೂಢಿ. ಉತ್ತರದ ನೌಕಾಪಡೆ ಬಂದರುಗಳಿಗೆ ದಿಗ್ಬಂಧನ ಹಾಕಿತು. ಹೊರಗಿನ ಉಪ್ಪು ನಿಂತಿತು. ಹಂದಿ ಇದ್ದರೂ ಮಾಂಸ ಉಳಿಸಿಕೊಳ್ಳುವ ದಾರಿಯಿಲ್ಲ. ಇದರ ಮೇಲೆ 1863ರಲ್ಲಿ ಬೆಳೆಯ ಹತ್ತರಲ್ಲೊಂದು ಪಾಲು ತೆರಿಗೆಯಾಯಿತು. ಅದೇ ವರ್ಷ ಏಪ್ರಿಲ್ 2ರಂದು ರಾಜಧಾನಿ ರಿಚ್ಮಂಡ್‌ನಲ್ಲಿ ಹೆಂಗಸರು ಅಂಗಡಿಗಳಿಗೆ ನುಗ್ಗಿದರು. ಅಧ್ಯಕ್ಷ ಜೆಫರ್ಸನ್ ಡೇವಿಸ್ ತಾನೇ ಬೀದಿಗಿಳಿದು ಚದುರಲು ಹೇಳಬೇಕಾಯಿತು.

ಈ ಸುದ್ದಿಯೆಲ್ಲ ಹೆಂಡತಿಯರ ಕಾಗದಗಳಲ್ಲಿ ಶಿಬಿರ ತಲುಪುತ್ತಿತ್ತು. ರಜೆ ಕೇಳಿದರೆ ಸಿಗದು. ಅನುಮತಿಯಿಲ್ಲದೆ, ಮರಳುವ ಉದ್ದೇಶವೂ ಇಲ್ಲದೆ ಸೈನ್ಯ ಬಿಡುವುದನ್ನು ಸೇನಾ ಪಲಾಯನ ಎನ್ನುತ್ತಾರೆ. ಅದಕ್ಕೆ ಮರಣದಂಡನೆಯವರೆಗೂ ಶಿಕ್ಷೆಯಿತ್ತು. ಆದರೆ ಎಲ್ಲರ ಮನಸ್ಸೂ ಅಷ್ಟು ಖಚಿತವಾಗಿರಲಿಲ್ಲ. ಬಿತ್ತನೆಗೋ ಕೊಯ್ಲಿಗೋ ಊರಿಗೆ ಹೋಗಿ, ಕೆಲಸ ಮುಗಿಸಿ ತಾವಾಗಿಯೇ ಮರಳಿದವರಿದ್ದರು. ಅವರನ್ನು ಹೇಡಿಗಳೆಂದು ಕರೆಯಲು ನನಗಂತೂ ಮನಸ್ಸಾಗದು. ಮರಳದವರೂ ಇದ್ದರು: ಮಿಸಿಸಿಪ್ಪಿಯ ಜೋನ್ಸ್ ಕೌಂಟಿಯಲ್ಲಿ ನ್ಯೂಟನ್ ನೈಟ್ ಎಂಬ ರೈತನ ಮುಂದಾಳುತನದಲ್ಲಿ ಸೈನ್ಯ ಬಿಟ್ಟವರು ಜೌಗುಕಾಡಿನಲ್ಲಿ ಅಡಗಿ ಒಕ್ಕೂಟದ ವಿರುದ್ಧವೇ ಬಂದೂಕು ಹಿಡಿದರು.

ಒಂದು ಎಚ್ಚರಿಕೆ ಹೇಳಬೇಕು. ಎಲ್ಲ ಪಲಾಯನಕ್ಕೂ ಹಸಿವೇ ಕಾರಣ ಎಂದುಕೊಳ್ಳಬೇಡಿ. ಉತ್ತರದ ಮನೆಗಳು ಇಷ್ಟು ಬಳಲಿರಲಿಲ್ಲ, ಆದರೂ ಆ ಸೈನ್ಯದಿಂದಲೂ ಅಪಾರ ಮಂದಿ ಓಡಿಹೋದರು. ಸೇರ್ಪಡೆಯ ಇನಾಮು ಪಡೆದು ಪರಾರಿಯಾಗಿ, ಬೇರೆಡೆ ಮತ್ತೆ ಸೇರುವ ಕಸುಬುದಾರರೂ ಅವರಲ್ಲಿದ್ದರು. ದಕ್ಷಿಣದಲ್ಲಿ ಸೋಲಿನ ಭಯ, ಕಾಯಿಲೆ, ಯುದ್ಧದ ಮೇಲಿನ ಅಪನಂಬಿಕೆ ಎಲ್ಲವೂ ಬಡತನದ ಜೊತೆ ಕೂಡಿಕೊಂಡವು.

ಮುಂದೆ ಓದಬೇಕೆನಿಸಿದರೆ ಉತ್ತರ ಕ್ಯಾರೊಲಿನಾದ ಗವರ್ನರ್ ಜೆಬುಲನ್ ವ್ಯಾನ್ಸ್‌ಗೆ ಬಂದ ಕಾಗದಗಳಿಂದ ಶುರುಮಾಡಿ. ಗಂಡನನ್ನು ಮನೆಗೆ ಕಳಿಸಿ, ಕಾಳು ಕೊಡಿ ಎಂದು ಬಡ ಹೆಂಗಸರು ಬರೆದ ಅರ್ಜಿಗಳು ಅಲ್ಲಿವೆ. 1865ರ ಫೆಬ್ರವರಿಯಲ್ಲಿ ದಂಡನಾಯಕ ರಾಬರ್ಟ್ ಲೀ ಕೂಡ ಅದೇ ಗವರ್ನರ್‌ಗೆ ಬರೆದ. ಊರಿನಿಂದ ಬರುವ ಕಾಗದಗಳೇ ಸೈನಿಕರು ಓಡಿಹೋಗಲು ಬಹುಮಟ್ಟಿಗೆ ಕಾರಣವಾಗುತ್ತಿವೆ ಎಂಬುದು ಅವನ ದೂರು.