ಜಾತ್ರೆಗೆ ಹೊರಟ ಗಾಡಿಗೆ ಕಮಾನು ಕಟ್ಟುವುದು ಹೇಗೆ?



ಸುಗ್ಗಿ ಮುಗಿದು ಕಣದ ಕೆಲಸ ಹಗುರವಾದೊಡನೆ ಜಾತ್ರೆಗಳ ಕಾಲ ಬರುತ್ತದೆ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರಕ್ಕೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಗಾಡಿ ಹೂಡಿಕೊಂಡು ಹೊರಡುವ ಮನೆತನಗಳು ಇಂದಿಗೂ ಇವೆ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋದವರು ನಾಲ್ಕಾರು ರಾತ್ರಿ ಬಯಲಿನಲ್ಲಿಯೇ ಕಳೆಯಬೇಕು. ಹಗಲು ಬಿಸಿಲು, ರಾತ್ರಿ ಇಬ್ಬನಿ. ಮಕ್ಕಳಿಗೆ ನೆಗಡಿ, ಮುದುಕರಿಗೆ ಮೈಕೈ ನೋವು. ಇದಕ್ಕೆ ದುಡ್ಡು ಸುರಿದು ಡೇರೆ ಕೊಳ್ಳಬೇಕಾಗಿಲ್ಲ. ಮನೆಯಲ್ಲಿರುವ ಟೈರ್ ಗಾಡಿಯನ್ನೇ ನಾಲ್ಕು ದಿನದ ಮಟ್ಟಿಗೆ ಮಲಗುವ ಮನೆಯಾಗಿ ಮಾಡಿಕೊಳ್ಳಬಹುದು. ನಮ್ಮ ಹಿರಿಯರ ಕಮಾನು ಗಾಡಿ ಇದೇ ಅಲ್ಲವೆ?

ಗಾಡಿಯ ಅಳತೆ ಊರಿಂದ ಊರಿಗೆ ಬೇರೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಇಲ್ಲಿ ಗಾಡಿಯ ತಳ ೮ ಅಡಿ ಉದ್ದ, ೪ ಅಡಿ ಅಗಲ ಎಂದು ಇಟ್ಟುಕೊಳ್ಳೋಣ. ಇಷ್ಟರಲ್ಲಿ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಕಾಲು ಚಾಚಿ ಮಲಗಬಹುದು. ಒಳಗೆ ಕುಳಿತಾಗ ತಲೆ ತಾಗಬಾರದು. ಆದ್ದರಿಂದ ನಡುವಿನ ಎತ್ತರ ಮೂರೂವರೆ ಅಡಿ ಇರಲಿ. ಇದಕ್ಕಿಂತ ಹೆಚ್ಚು ಎತ್ತರ ಬೇಡ. ಗಾಡಿ ಎತ್ತರವಾದಷ್ಟೂ ಗಾಳಿಗೆ ತೊನೆಯುತ್ತದೆ, ಕೊರಕಲು ದಾರಿಯಲ್ಲಿ ಮಗುಚುವ ಭಯ ಹೆಚ್ಚುತ್ತದೆ.

ಕಮಾನಿಗೆ ಬಿದಿರಿಗಿಂತ ಒಳ್ಳೆಯ ಸಾಮಾನಿಲ್ಲ. ಮೂರು ವರ್ಷಕ್ಕೆ ಕಡಮೆಯಿಲ್ಲದ ಬಲಿತ ಬಿದಿರನ್ನು ಆರಿಸಿ. ಎಳೆಯ ಬಿದಿರು ಸಲೀಸಾಗಿ ಬಾಗುತ್ತದೆ ನಿಜ, ಆದರೆ ಒಣಗಿದ ಮೇಲೆ ಸುಕ್ಕುಗಟ್ಟಿ ಹುಳು ಹಿಡಿಯುತ್ತದೆ. ಕಡಿದ ಬಿದಿರನ್ನು ಎರಡು ಮೂರು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟರೆ ಹುಳುವಿಗೆ ಬೇಕಾದ ಹಿಟ್ಟಿನ ಅಂಶ ಕರಗಿ ಹೋಗುತ್ತದೆ. ಅನಂತರ ಒಂದೂವರೆ ಅಂಗುಲ ಅಗಲದ ದಬ್ಬೆಗಳಾಗಿ ಸೀಳಿ, ಅಂಚಿನ ಸಿಬಿರನ್ನು ಕತ್ತಿಯಿಂದ ಹೆರೆಯಿರಿ.

ಈಗ ಉದ್ದದ ಲೆಕ್ಕ. ಎರಡೂ ಮಗ್ಗುಲಲ್ಲಿ ಒಂದೂವರೆ ಅಡಿ ನೇರವಾಗಿ ನಿಲ್ಲಬೇಕು, ಅದರ ಮೇಲೆ ೪ ಅಡಿ ಅಗಲಕ್ಕೆ ಅರ್ಧ ವೃತ್ತ ಬರಬೇಕು. ಅರ್ಧ ವೃತ್ತಕ್ಕೆ ಸುಮಾರು ಆರೂಕಾಲು ಅಡಿ ಹಿಡಿಯುತ್ತದೆ. ಎರಡೂ ಸೇರಿ ಒಂಬತ್ತೂಕಾಲು ಅಡಿಯಾಯಿತು. ಕಟ್ಟಿಗೆ, ಕತ್ತರಿಗೆ ಬಿಟ್ಟು ೧೦ ಅಡಿಯ ದಬ್ಬೆ ತೆಗೆದುಕೊಳ್ಳಿ. ಎರಡು ಅಡಿಗೊಂದರಂತೆ ಐದು ಕಮಾನು ಬೇಕು. ನೆಲದ ಮೇಲೆ ಕಮಾನಿನ ಆಕಾರವನ್ನು ಸುಣ್ಣದಿಂದ ಬರೆದು, ಗೆರೆಯುದ್ದಕ್ಕೂ ಗೂಟ ಬಡಿಯಿರಿ. ನೆನೆದ ದಬ್ಬೆಯನ್ನು ಗೂಟಗಳ ನಡುವೆ ಮೆಲ್ಲಗೆ ಬಗ್ಗಿಸಿ ಮೂರು ನಾಲ್ಕು ದಿನ ಹಾಗೆಯೇ ಒಣಗಲು ಬಿಡಿ. ಬಗ್ಗಿಸುವಾಗ ಬಿದಿರಿನ ಹೊಳೆಯುವ ಸಿಪ್ಪೆ ಹೊರಮುಖವಾಗಿರಬೇಕು. ತಿರುಗುಮುರುಗಾದರೆ ನಡುವೆ ಸಿಡಿಯುತ್ತದೆ.

ಕಮಾನಿನ ಕಾಲುಗಳನ್ನು ಗಾಡಿಯ ಪಕ್ಕದ ಹಲಗೆಗೆ ಮೊಳೆ ಹೊಡೆದು ಕೂರಿಸಬೇಡಿ. ಮೊಳೆ ಹೊಡೆದಲ್ಲಿ ಬಿದಿರು ಸೀಳುತ್ತದೆ. ಊರ ಕಮ್ಮಾರರಿಂದ ಕಬ್ಬಿಣದ ಕೊಂಡಿ ಮಾಡಿಸಿ, ಹಲಗೆಯ ಒಳಮಗ್ಗುಲಿಗೆ ಮೇಲೊಂದು ಕೆಳಗೊಂದು ಹಾಕಿಸಿದರೆ ಕಾಲನ್ನು ಅದರಲ್ಲಿ ತೂರಿಸಿದರಾಯಿತು. ಜಾತ್ರೆ ಮುಗಿದ ಮೇಲೆ ಕಿತ್ತಿಟ್ಟು ಗೊಬ್ಬರ ಹೇರಬಹುದು. ನೆತ್ತಿಗೊಂದು, ಎರಡೂ ಹೆಗಲಿಗೆ ಒಂದೊಂದು ಉದ್ದನೆಯ ದಬ್ಬೆಯಿಟ್ಟು ಪ್ರತಿ ಕಮಾನಿಗೂ ಹುರಿಯಿಂದ ಅಡ್ಡಡ್ಡ ಬಿಗಿಯಿರಿ.

ಹೊದಿಕೆಗೆ ೧೫ ಅಡಿ ಉದ್ದ, ೧೨ ಅಡಿ ಅಗಲದ ತಾರ್ಪಾಲು ಸರಿಹೋಗುತ್ತದೆ. ಮೇಲೆ ೮ ಅಡಿ ಹೋದರೆ ಹಿಂದಕ್ಕೂ ಮುಂದಕ್ಕೂ ಮೂರೂವರೆ ಅಡಿ ಉಳಿದು ಬಾಗಿಲಿನ ಪರದೆಯಾಗುತ್ತದೆ. ಮಗ್ಗುಲಲ್ಲಿ ಅಡಿಗಿಂತ ತುಸು ಹೆಚ್ಚು ಜೋತುಬೀಳುತ್ತದೆ. ಅದನ್ನು ಸುತ್ತಿ ಹಲಗೆಗೆ ಕಟ್ಟಿ. ಚಕ್ರಕ್ಕೆ ತಾಗಿದರೆ ಒಂದೇ ಹರದಾರಿಯಲ್ಲಿ ಹರಿದು ಚಿಂದಿಯಾಗುತ್ತದೆ. ಬರಿಯ ಪ್ಲಾಸ್ಟಿಕ್ ತಾರ್ಪಾಲಿನ ಕೆಳಗೆ ಹಗಲು ಬೇಯುವಂತಿರುತ್ತದೆ, ಬೆಳಗಿನ ಜಾವ ಉಸಿರಿನ ಹಸಿ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಒಳಗೆ ಈಚಲು ಚಾಪೆಯ ಒಂದು ಪದರ ಕೊಡಬೇಕು. ಚಾಪೆಯಿದ್ದ ಕಮಾನಿಗೂ ಇಲ್ಲದ ಕಮಾನಿಗೂ ಇರುವ ಅಂತರವನ್ನು ಒಳಗೆ ಮಲಗಿದವರೇ ಬಲ್ಲರು. ಮುಂದೆ ಹಿಂದೆ ನೆತ್ತಿಯ ಬಳಿ ಒಂದೊಂದು ಗೇಣು ಗಾಳಿಗೆ ತೆರವಿರಲಿ.

ಇಷ್ಟು ಮಾಡಿದವರು ಬಹಳ ಮಂದಿ. ಭಾರವನ್ನು ಸರಿಯಾಗಿ ಹೇರುವವರು ಕಡಮೆ. ಎತ್ತಿನ ಕಷ್ಟಸುಖ ಇರುವುದು ಅಲ್ಲಿಯೇ. ಅಮೆರಿಕದಲ್ಲಿ ೧೯೩೦ರ ದಶಕದಿಂದಲೂ ಜನರು ಕಾರಿನ ಹಿಂದೆ ಎಳೆದೊಯ್ಯುವ ಮಲಗುವ ಗಾಡಿಗಳನ್ನು ಹಲಗೆ ಹೊಡೆದು ಮನೆಯಲ್ಲಿಯೇ ಕಟ್ಟಿಕೊಳ್ಳುತ್ತ ಬಂದಿದ್ದಾರೆ. ನೀರಿನ ಹನಿಯ ಆಕಾರದ ಆ ಪುಟ್ಟ ಗಾಡಿಗೂ ನಮ್ಮದರಂತೆ ಒಂದೇ ಅಚ್ಚು. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕಾರಿನ ಕೊಂಡಿಯ ಮೇಲೆ ಕೂರಬೇಕೆಂದು ಅಲ್ಲಿ ಲೆಕ್ಕ ಹಾಕುತ್ತಾರೆ. ಕಾರಿನ ಕೊಂಡಿ ಕಬ್ಬಿಣದ್ದು, ಎತ್ತಿನ ಹೆಗಲು ಮಾಂಸದ್ದು. ನಮಗೆ ಅಷ್ಟು ಭಾರ ಕೂಡದು.

ಲೆಕ್ಕ ಸುಲಭ. ಅಚ್ಚಿನಿಂದ ನೊಗಕ್ಕೆ ೧೦ ಅಡಿ ಇದೆಯೆನ್ನಿ. ೫೦ ಕಿಲೋ ಮೂಟೆಯೊಂದನ್ನು ಅಚ್ಚಿನ ನೇರಕ್ಕೆ ಇಟ್ಟರೆ ಅದರ ಭಾರ ನೊಗಕ್ಕೆ ತಿಳಿಯುವುದೇ ಇಲ್ಲ. ಎರಡು ಅಡಿ ಮುಂದಿಟ್ಟರೆ ನೊಗದ ಮೇಲೆ ೧೦ ಕಿಲೋ ಬೀಳುತ್ತದೆ. ಎರಡು ಅಡಿ ಹಿಂದಿಟ್ಟರೆ ನೊಗವನ್ನು ೧೦ ಕಿಲೋ ಮೇಲಕ್ಕೆ ಎತ್ತುತ್ತದೆ, ಕೊರಳಿನ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಆದ್ದರಿಂದ ಅಕ್ಕಿಮೂಟೆ, ನೀರಿನ ಕೊಡ, ಪಾತ್ರೆಯ ಪೆಟ್ಟಿಗೆ ಇವೆಲ್ಲ ಅಚ್ಚಿನ ಹತ್ತಿರವೇ ಇರಲಿ. ಹಾಸಿಗೆ ಬಟ್ಟೆಗಳು ಹಿಂದೆ ಮುಂದೆ ಇರಬಹುದು. ಕಮಾನಿನ ಮೇಲೆ ಮಾತ್ರ ಏನನ್ನೂ ಹೇರಬಾರದು. ಭಾರ ಮೇಲಿದ್ದರೆ ಏರು ಹತ್ತುವಾಗ ಅದು ಅಚ್ಚಿನ ಹಿಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ಹೆಗಲ ಮೇಲೆ ಬೀಳುತ್ತದೆ.

ಎಲ್ಲವನ್ನೂ ಹೇರಿ, ಕೂರುವವರನ್ನೂ ಕೂರಿಸಿ, ಸಮನೆಲದಲ್ಲಿ ಪರೀಕ್ಷೆ ಮಾಡಿ. ಒಬ್ಬ ಆಳು ನೊಗವನ್ನು ಎರಡು ಕೈಯಿಂದ ಹೆಚ್ಚು ತಿಣುಕದೆ ಎತ್ತಬೇಕು. ಕೈಬಿಟ್ಟರೆ ಅದು ತಾನಾಗಿ ಕೆಳಗಿಳಿಯಬೇಕು. ತಾನಾಗಿ ಮೇಲೇಳುವುದಾದರೆ ಗಾಡಿಯ ಹಿಂಭಾಗ ಭಾರವಾಗಿದೆ ಎಂದು ತಿಳಿಯಿರಿ.

೧೯೬೫ರ ನಿಯಮಗಳಲ್ಲಿ ಗಾಡಿ ಎಳೆಯುವ ಪಶುಗಳ ದುಡಿಮೆಗೆ ಮಿತಿ ಹಾಕಿದೆ. ದಿನಕ್ಕೆ ೯ ಗಂಟೆ ಮೀರಬಾರದು. ವಿಶ್ರಾಂತಿಯಿಲ್ಲದೆ ಒಂದೇ ಸಮನೆ ೫ ಗಂಟೆ ಮೀರಿ ದುಡಿಸಬಾರದು. ಬಿಸಿಲು ೩೭ ಡಿಗ್ರಿ ದಾಟುವ ಕಡೆ ಹಗಲು ೧೨ರಿಂದ ೩ರವರೆಗೆ ಹೂಡಲೇಬಾರದು. ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಕೂರಬಾರದು. ನೆಂಟರಿಷ್ಟರೆಲ್ಲ ಒಂದೇ ಗಾಡಿಯಲ್ಲಿ ತುಂಬಿಕೊಂಡರೆ ಕಮಾನಿನ ಅಂದವೂ ಇಲ್ಲ, ಎತ್ತಿನ ಕ್ಷೇಮವೂ ಇಲ್ಲ.

ಈಗ ಟ್ರ್ಯಾಕ್ಟರು ಇರುವವರು ಅದರ ಟ್ರೇಲರಿಗೂ ಇದೇ ಬಗೆಯ ಕಮಾನು ಕಟ್ಟುತ್ತಾರೆ. ಜಾತ್ರೆಯ ಬಯಲಿನಲ್ಲಿ ನಿಲ್ಲಿಸಿ ಮಲಗಲು ಅಡ್ಡಿಯಿಲ್ಲ. ದಾರಿಯಲ್ಲಿ ಜನರನ್ನು ಅದರಲ್ಲಿ ತುಂಬಿಕೊಂಡು ಹೋಗುವುದಕ್ಕೆ ಮಾತ್ರ ಕಾನೂನು ಒಪ್ಪುವುದಿಲ್ಲ. ತಿರುವಿನಲ್ಲಿ ಟ್ರೇಲರು ಮಗುಚಿ ಸತ್ತವರ ಸುದ್ದಿಯನ್ನು ನೀವೂ ಓದಿದ್ದೀರಿ. ಸಾಮಾನು ಟ್ರೇಲರಿನಲ್ಲಿ ಹೋಗಲಿ, ಹೆಂಗಸರು ಮಕ್ಕಳು ಬಸ್ಸಿನಲ್ಲಿ ಬರಲಿ.

ಎತ್ತಿನ ಗಾಡಿಯನ್ನು ಕತ್ತಲಾಗುವ ಮೊದಲೇ ಬಿಡಬೇಕು. ತಡವಾಯಿತೆಂದರೆ ಹೆದ್ದಾರಿಯಲ್ಲಿ ಲಾರಿಯವನಿಗೆ ಕಮಾನಿನ ಕಪ್ಪು ಬೆನ್ನು ಕಾಣುವುದಿಲ್ಲ. ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಹಿಂಭಾಗದ ಎರಡು ಮೂಲೆಗೂ, ಬಿಳಿಯದನ್ನು ಮುಂಭಾಗಕ್ಕೂ ಅಂಟಿಸಿ. ಪರದೆ ಇಳಿಬಿಟ್ಟಾಗಲೂ ಅವು ಮುಚ್ಚಿಹೋಗದಂತಿರಲಿ.

ತಂಗುವಾಗ ಮೊದಲು ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಮೂಕಿಯ ಕೆಳಗೆ ಊರೆಗೋಲು ಕೊಡುವುದು ಎಲ್ಲರಿಗೂ ಗೊತ್ತು. ಗಾಡಿಯ ಹಿಂದೆಯೂ ಎರಡು ಮೂಲೆಗೆ ಕೋಲು ಕೊಡಬೇಕೆಂಬುದು ಮರೆತುಹೋಗುತ್ತದೆ. ನಡುರಾತ್ರಿ ಯಾರಾದರೂ ಎದ್ದು ಹಿಂದಿನ ಅಂಚಿನಲ್ಲಿ ಕುಳಿತರೆ ಮೂಕಿ ಆಕಾಶಕ್ಕೆ ಏಳುತ್ತದೆ, ಮಲಗಿದವರೆಲ್ಲ ಒಂದರ ಮೇಲೊಂದು ಜಾರುತ್ತಾರೆ. ಎತ್ತುಗಳನ್ನು ಗಾಡಿಗೆ ಕಟ್ಟದೆ ಬೇರೆ ಗೂಟಕ್ಕೆ ಕಟ್ಟಿ.

ಬೆಂಕಿಯ ವಿಷಯದಲ್ಲಿ ಸಲುಗೆ ಬೇಡ. ಒಣಬಿದಿರು, ಚಾಪೆ, ತಾರ್ಪಾಲು, ಅದರ ಪಕ್ಕದಲ್ಲಿಯೇ ಹುಲ್ಲು, ಇವಿಷ್ಟೂ ಒಂದು ಕಿಡಿಗೆ ಸಾಕು. ಒಲೆಯನ್ನು ಗಾಡಿಯಿಂದ ೧೫ ಅಡಿಗೂ ಆಚೆ, ಗಾಳಿ ಬೀಸಿ ಹೋಗುವ ಮಗ್ಗುಲಲ್ಲಿ ಹೂಡಿ. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಪರದೆ ಮುಚ್ಚಿಕೊಂಡು ಮಲಗುವುದು ಇನ್ನೂ ಕೇಡು. ಕೆಂಡದಿಂದ ಹೊರಡುವ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವರು ಎಚ್ಚರವಾಗದೆಯೇ ಪ್ರಾಣ ಬಿಡುತ್ತಾರೆ. ಕಂಬಳಿ ಒಂದು ಹೆಚ್ಚಾಗಿ ಒಯ್ಯಿರಿ. ಬೆಳಕಿಗೆ ಬ್ಯಾಟರಿ ದೀಪವಾಗಲಿ, ಬಿಸಿಲಿನಿಂದ ತುಂಬಿಕೊಳ್ಳುವ ದೀಪವಾಗಲಿ ಇರಲಿ.

ಊರಿಗೆ ಮರಳಿದ ಮೇಲೆ ತಾರ್ಪಾಲನ್ನು ಪೂರಾ ಒಣಗಿಸಿ ಮಡಿಸಿ. ಕಮಾನುಗಳನ್ನು ಹೊರಗೆ ಮಳೆಗೆ ಬಿಡದೆ ಕೊಟ್ಟಿಗೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವ ಕಡೆ, ಒಂದರೊಳಗೊಂದು ಸೇರಿಸಿ ತೂಗುಹಾಕಿ. ಮುಂದಿನ ವರ್ಷ ಹುರಿ ಮಾತ್ರ ಹೊಸದು ಕಟ್ಟಿದರಾಯಿತು.