ಚೀನಾಕ್ಕೆ ಇಬ್ಬರು ಹೊರಟಾಗ: ಕೋಣೆಯಲ್ಲಿ ಉಳಿಸಿ ರೈಲಿನಲ್ಲಿ ಕಳೆಯುವ ಲೆಕ್ಕ

ಇಬ್ಬರು ಜೊತೆಯಾಗಿ ಹೊರಟರೆ ತಲಾ ಖರ್ಚು ಇಳಿಯುತ್ತದೆ ಎಂಬುದು ಪ್ರವಾಸದ ವಿಷಯದಲ್ಲಿ ಯಾರೂ ಪ್ರಶ್ನಿಸದ ಮಾತು. ಬೆನ್ನಿಗೆ ಚೀಲ ಏರಿಸಿಕೊಂಡು ಚೀನಾದ ನಗರಗಳನ್ನೂ ಹಳೆಯ ಪೇಟೆಗಳನ್ನೂ ಸುತ್ತಲು ಹೊರಡುವ ಗಂಡ–ಹೆಂಡತಿ ಈ ನಂಬಿಕೆಯ ಮೇಲೆಯೇ ಬಜೆಟ್ ಹಾಕುತ್ತಾರೆ. ಅಗ್ಗದ ಹಾಸ್ಟೆಲ್ ಹುಡುಕುತ್ತಾರೆ, ರಾತ್ರಿಗೆ ನೂರು ರೂಪಾಯಿ ಕಡಿಮೆಯಾದರೂ ಗೆದ್ದೆವು ಎಂದುಕೊಳ್ಳುತ್ತಾರೆ, ಅದೇ ಉತ್ಸಾಹದಲ್ಲಿ ಪಟ್ಟಿಗೆ ಇನ್ನೆರಡು ಊರು ಸೇರಿಸುತ್ತಾರೆ. ನಮ್ಮ ಮನೆಯ ಪ್ರವಾಸದ ಲೆಕ್ಕಗಳನ್ನು ಮುಂದಿಟ್ಟುಕೊಂಡು ನೋಡಿದಾಗ ನಾನು ಮುಟ್ಟಿರುವ ತೀರ್ಮಾನ ಬೇರೆ. ಇಬ್ಬರಾದಾಗ ಅರ್ಧವಾಗುವುದು ಕೋಣೆಯ ಬಾಡಿಗೆ ಒಂದೇ. ವಿಮಾನ, ವೀಸಾ, ರೈಲು, ಪ್ರವೇಶದ ಟಿಕೆಟ್ ಎಲ್ಲವೂ ತಲೆ ಎಣಿಸಿಯೇ ವಸೂಲಾಗುತ್ತವೆ. ಚೀನಾದಲ್ಲಿ ಕೋಣೆ ಮೊದಲೇ ಅಗ್ಗ, ಊರಿಂದೂರಿಗೆ ಹೋಗುವುದು ಅಷ್ಟು ಅಗ್ಗವಲ್ಲ. ಹಾಗಾಗಿ ಜೋಡಿಯ ಬಜೆಟ್ಟು ನಿಲ್ಲುವುದೋ ಕುಸಿಯುವುದೋ ಎಂಬುದನ್ನು ನಿರ್ಧರಿಸುವುದು ಎಲ್ಲಿ ಮಲಗಿದಿರಿ ಎಂಬುದಲ್ಲ, ಎಷ್ಟು ಸಲ ಊರು ಬದಲಿಸಿದಿರಿ ಎಂಬುದು.

ಅಂಕಿಗಳನ್ನೇ ನೋಡೋಣ. ಯುವಾನಿಗೆ ಹನ್ನೆರಡೂವರೆ ರೂಪಾಯಿ ಎಂದು ಇಟ್ಟುಕೊಳ್ಳಿ. ದೊಡ್ಡ ನಗರಗಳ ಹಾಸ್ಟೆಲ್ಲಿನ ಡಾರ್ಮಿಟರಿಯಲ್ಲಿ ಒಂದು ಹಾಸಿಗೆಗೆ ಸಾಮಾನ್ಯವಾಗಿ 60–80 ಯುವಾನ್ ಆಗುತ್ತದೆ. ಇಬ್ಬರಿಗೆ 120–160. ಅದೇ ನಗರದಲ್ಲಿ ಸ್ವಂತ ಬಚ್ಚಲಿರುವ, ಬಾಗಿಲು ಹಾಕಿಕೊಂಡು ಮಲಗಬಹುದಾದ ಸಾದಾ ಕೋಣೆ 200 ಯುವಾನಿನ ಆಸುಪಾಸಿಗೆ ಸಿಗುತ್ತದೆ. ಅಂದರೆ ಎಂಟು ಜನ ಅಪರಿಚಿತರ ನಡುವೆ ಬೇರೆಬೇರೆ ಹಾಸಿಗೆಗಳಲ್ಲಿ ಮಲಗಿ ಉಳಿಯುವುದು ರಾತ್ರಿಗೆ ಸುಮಾರು 50 ಯುವಾನ್. ಈಗ ಬೀಜಿಂಗ್‌ನಿಂದ ಶಿಯಾನ್‌ಗೆ ಹೈಸ್ಪೀಡ್ ರೈಲಿನ ಎರಡನೇ ದರ್ಜೆಯ ಟಿಕೆಟ್ ತೆಗೆಯಿರಿ. ದಿನಕ್ಕೂ ರೈಲಿಗೂ ತಕ್ಕಂತೆ ದರ ಏರಿಳಿದರೂ ತಲೆಗೆ ಸುಮಾರು 515 ಯುವಾನ್, ಇಬ್ಬರಿಗೆ ಸಾವಿರ ದಾಟಿತು. ಇಪ್ಪತ್ತು ರಾತ್ರಿ ಡಾರ್ಮಿಟರಿಯಲ್ಲಿ ಮಲಗಿ ಉಳಿಸಿದ್ದು ಒಂದೇ ರೈಲಿನಲ್ಲಿ ಮುಗಿಯಿತು. ಒಬ್ಬಂಟಿ ಪ್ರಯಾಣಿಕನಿಗೆ ಡಾರ್ಮಿಟರಿ ನಿಜವಾದ ಉಳಿತಾಯ, ಯಾಕೆಂದರೆ ಕೋಣೆಯ ಪೂರ್ತಿ ಬಾಡಿಗೆ ಅವನೊಬ್ಬನ ಮೇಲೆ ಬೀಳುತ್ತದೆ. ಬ್ಯಾಕ್‌ಪ್ಯಾಕಿಂಗ್ ಕುರಿತ ಸಲಹೆಗಳಲ್ಲಿ ಹೆಚ್ಚಿನವು ಅಂಥವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಜೋಡಿಗಳು ಅವನ್ನು ಹಾಗೆಯೇ ಎತ್ತಿಕೊಂಡು ಪಾಲಿಸುವುದರಿಂದ ನಿದ್ದೆಯನ್ನೂ ಕಳೆದುಕೊಳ್ಳುತ್ತಾರೆ, ದುಡ್ಡನ್ನೂ ಉಳಿಸುವುದಿಲ್ಲ.

ಚೀನಾದ ರೈಲುಗಳನ್ನು ನಾನು ದೂರುತ್ತಿಲ್ಲ. 1,318 ಕಿ.ಮೀ. ಉದ್ದದ ಬೀಜಿಂಗ್–ಶಾಂಘೈ ಮಾರ್ಗ 2011ರಲ್ಲಿ ತೆರೆಯಿತು. ಇಂದು ಅಲ್ಲಿ ಗಂಟೆಗೆ 350 ಕಿ.ಮೀ. ವೇಗದಲ್ಲಿ ಓಡುವ ರೈಲುಗಳು ನಾಲ್ಕೂವರೆ ಗಂಟೆಯ ಸುಮಾರಿಗೆ ಗುರಿ ಮುಟ್ಟಿಸುತ್ತವೆ. ಆದರೆ ಈ ವೇಗವೇ ಬಜೆಟ್ಟಿಗೆ ಬಲೆ. ದೂರ ಕಿರಿದಾಗಿ ಕಂಡಾಗ ಊರು ಸೇರಿಸುವ ಆಸೆ ಹಿರಿದಾಗುತ್ತದೆ. ಬೀಜಿಂಗ್‌ನಿಂದ ಶಿಯಾನ್, ಅಲ್ಲಿಂದ ಶಾಂಘೈ, ಮತ್ತೆ ಬೀಜಿಂಗ್ ಎಂದು ಒಂದು ಸುತ್ತು ಹಾಕಿದರೆ ರೈಲಿಗೇ ತಲೆಗೆ 1,700 ಯುವಾನ್ ಮೀರುತ್ತದೆ, ಇಬ್ಬರಿಗೆ ನಲವತ್ತು ಸಾವಿರ ರೂಪಾಯಿ ದಾಟುತ್ತದೆ. ಊರೊಳಗಿನ ಓಡಾಟವನ್ನು ಇದರ ಪಕ್ಕ ಇಟ್ಟು ನೋಡಿ. ಬೀಜಿಂಗ್ ಮೆಟ್ರೋ ಟಿಕೆಟ್ 3 ಯುವಾನಿನಿಂದ ಶುರು. ಶಾಂಘೈಯ ಪುಡಾಂಗ್ ವಿಮಾನ ನಿಲ್ದಾಣದಿಂದ ಮ್ಯಾಗ್ಲೆವ್ ರೈಲು 50 ಯುವಾನ್ ಕೇಳುತ್ತದೆ, ಅದು ಇಳಿಸುವ ಲಾಂಗ್‌ಯಾಂಗ್ ರಸ್ತೆ ನಿಲ್ದಾಣಕ್ಕೆ ಸಾದಾ ಮೆಟ್ರೋದಲ್ಲಿ ಅದರ ಅಲ್ಪ ಭಾಗಕ್ಕೆ ಹೋಗಬಹುದು. ಚೀನಾ 2008ರಿಂದ ಸರ್ಕಾರಿ ವಸ್ತುಸಂಗ್ರಹಾಲಯಗಳ ಪ್ರವೇಶವನ್ನು ಹಂತಹಂತವಾಗಿ ಉಚಿತ ಮಾಡುತ್ತ ಬಂತು. ತಿಯಾನನ್‌ಮೆನ್ ಚೌಕದ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಲಿ ಶಾಂಘೈ ವಸ್ತುಸಂಗ್ರಹಾಲಯವಾಗಲಿ ಶಾಶ್ವತ ಪ್ರದರ್ಶನಕ್ಕೆ ಹಣ ಕೇಳುವುದಿಲ್ಲ. ಮುಂಚಿತವಾಗಿ ಹೆಸರು ನೋಂದಾಯಿಸಿ ಪಾಸ್‌ಪೋರ್ಟ್ ತೋರಿಸಿದರೆ ಆಯಿತು. ಒಂದು ನಗರದಲ್ಲಿ ಮೂರನೆಯ ದಿನ, ನಾಲ್ಕನೆಯ ದಿನ ಉಳಿಯುವುದಕ್ಕೆ ತಗಲುವುದು ಕೋಣೆ, ಎರಡು ಬಟ್ಟಲು ನೂಡಲ್ಸ್, ಒಂದಿಷ್ಟು ಮೆಟ್ರೋ. ಚೀನಾದಲ್ಲಿ ಕಳೆಯಬಹುದಾದ ಅತಿ ಅಗ್ಗದ ದಿನ ಅದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಹೈಸ್ಪೀಡ್ ರೈಲೇ ಯಾಕೆ, ರಾತ್ರಿ ಓಡುವ ಹಳೆಯ ಹಸಿರು ರೈಲುಗಳಿಲ್ಲವೇ ಎಂದು ಕೇಳಬಹುದು. ಇವೆ, ಅವುಗಳ ಲೆಕ್ಕವೂ ಸರಿಯಾಗಿದೆ. ಬೀಜಿಂಗ್–ಶಿಯಾನ್ ಹಾರ್ಡ್ ಸ್ಲೀಪರ್ ಬರ್ತು ಹೈಸ್ಪೀಡ್ ಸೀಟಿನ ಅರ್ಧದಷ್ಟು ದರಕ್ಕೆ ಸಿಗುತ್ತದೆ, ಮೇಲಾಗಿ ಒಂದು ರಾತ್ರಿಯ ಕೋಣೆ ಉಳಿಯುತ್ತದೆ. ಇಬ್ಬರಿಗೆ ಸೇರಿ 700 ಯುವಾನಿನ ಹತ್ತಿರ ಉಳಿತಾಯವೆಂದರೆ ಅಲ್ಲಗಳೆಯುವ ಮಾತಲ್ಲ. ಬಾಗಿಲಿಲ್ಲದ, ಆರು ಬರ್ತುಗಳ ಆ ವಿಭಾಗ ನಮ್ಮ ತ್ರೀ ಟಯರ್ ಬೋಗಿ ಕಂಡವರಿಗೆ ಹೆದರಿಕೆ ಹುಟ್ಟಿಸುವುದೂ ಇಲ್ಲ. ಒಂದೇ ಒಂದು ಉದ್ದದ ಪಯಣಕ್ಕೆ ರಾತ್ರಿ ರೈಲನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಊರುಗಳ ಸಂಖ್ಯೆ ಹೆಚ್ಚಿಸಿಕೊಳ್ಳಲು ಕೊಟ್ಟ ಪರವಾನಗಿ ಆಗಬಾರದು. ಹನ್ನೊಂದು ಗಂಟೆಗೂ ಮೀರಿದ ಪಯಣದ ಮರುದಿನ ಬೆಳಗ್ಗೆ ಊರಿಗೆ ಬಂದಿಳಿದ ದೇಹ ಅರ್ಧ ದಿನ ನಡೆಯಲು ಒಪ್ಪುವುದಿಲ್ಲ. ಕೋಣೆ ಮಧ್ಯಾಹ್ನವೇ ಸಿಗುವುದು. ಆ ಸುಸ್ತಿನಲ್ಲಿ ಟ್ಯಾಕ್ಸಿ ಹತ್ತುತ್ತೇವೆ, ಎದುರು ಕಂಡ ಹೋಟೆಲ್ಲಿಗೆ ನುಗ್ಗುತ್ತೇವೆ. ಇಂಥ ರಾತ್ರಿಗಳು ಒಂದರ ಹಿಂದೊಂದು ಬಂದರೆ ಉಳಿಸಿದ್ದರಲ್ಲಿ ಬಹುಪಾಲು ಹಗಲಿನಲ್ಲಿ ಸೋರಿಹೋಗುತ್ತದೆ.

ಊರು ಕಡಿಮೆ ಮಾಡಿ ಎಂದರೆ ನೋಡುವುದನ್ನು ಕಡಿಮೆ ಮಾಡಿ ಎಂದಲ್ಲ, ದಾರಿಯ ಮೇಲಿರುವ ಊರನ್ನು ಆರಿಸಿ ಎಂದು. ಪಿಂಗ್ಯಾವ್ ಇದಕ್ಕೆ ಒಳ್ಳೆಯ ನಿದರ್ಶನ. ಶಾನ್ಸಿ ಪ್ರಾಂತ್ಯದ ಈ ಹಳೆಯ ಪೇಟೆ ಬೀಜಿಂಗ್ ಮತ್ತು ಶಿಯಾನ್ ನಡುವೆ, ತೈಯುವಾನ್ ಮೂಲಕ ಹೋಗುವ ಹಳಿಯ ಮೇಲಿದೆ. ಆ ದಾರಿಯಲ್ಲಿ ವೇಗ ಕಡಿಮೆ, ದರವೂ ಕಡಿಮೆ. ಪಿಂಗ್ಯಾವ್‌ನಲ್ಲಿ ಇಳಿದು ಮತ್ತೆ ಹತ್ತಿದರೂ ಎರಡು ಟಿಕೆಟ್‌ಗಳ ಮೊತ್ತ ಝೆಂಗ್‌ಝೌ ಮೂಲಕ ಹೋಗುವ ನೇರ ಟಿಕೆಟ್ಟನ್ನು ಮೀರುವುದಿಲ್ಲ. ಅಂದರೆ ಈ ಊರು ಪ್ರಯಾಣದ ಖರ್ಚಿನಲ್ಲಿ ಪುಕ್ಕಟೆ. ಹಣಕಾಸಿನ ಬಗ್ಗೆ ಬರೆಯುವವರಿಗೆ ಪಿಂಗ್ಯಾವ್ ಮೇಲೆ ಒಂದು ಕೈ ಹೆಚ್ಚೇ ಪ್ರೀತಿ ಇರುವುದು ಸಹಜ. 1823ರ ಸುಮಾರಿಗೆ ಇಲ್ಲಿ ಹುಟ್ಟಿದ ರಿಶೆಂಗ್‌ಚಾಂಗ್, ಚೀನಾದ ಮೊದಲ ಹುಂಡಿ ಬ್ಯಾಂಕು ಎಂದು ಹೆಸರಾದದ್ದು. ಬಣ್ಣದ ವ್ಯಾಪಾರದಲ್ಲಿದ್ದ ಅಂಗಡಿಯೊಂದು ಊರಿಂದೂರಿಗೆ ಬೆಳ್ಳಿಯ ಗಟ್ಟಿ ಹೊರಿಸಿ ಕಳಿಸುವ ಅಪಾಯ ತಪ್ಪಿಸಲು ಕಾಗದದ ಹುಂಡಿ ಬರೆದುಕೊಡತೊಡಗಿತು. ಒಂದು ಕಡೆ ಕಟ್ಟಿದ ಹಣವನ್ನು ನೂರಾರು ಮೈಲಿ ಆಚೆಯ ಶಾಖೆಯಲ್ಲಿ ಪಡೆಯಬಹುದಾಯಿತು. ಆ ಅಂಗಳ, ಆ ಕಟಕಟೆ ಇಂದು ವಸ್ತುಸಂಗ್ರಹಾಲಯ. 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಊರನ್ನು ಸುತ್ತುವರಿದ ಆರು ಕಿ.ಮೀ. ಕೋಟೆಯೊಳಗೆ ಮೂರು ದಿನ ಉಳಿಯುವುದು, ಶಾಂಘೈಯನ್ನು ಎರಡು ದಿನಕ್ಕೆಂದು ಪಟ್ಟಿಗೆ ತುರುಕುವುದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು. ಇದೇ ತರ್ಕದಿಂದ ಯುನ್ನಾನ್ ಪ್ರಾಂತ್ಯವನ್ನು ಬೇರೆಯ ಪ್ರವಾಸವಾಗಿಯೇ ಇಡಬೇಕು. ಕುನ್‌ಮಿಂಗ್, ದಾಲಿ, ಲಿಜಿಯಾಂಗ್ ಮೂರೂ ಒಂದೇ ಹಳಿಯ ಮೇಲಿವೆ. ಕುನ್‌ಮಿಂಗ್‌ನಿಂದ ಎರಡು ಗಂಟೆಯಲ್ಲಿ ದಾಲಿ, ಮೂರೂ ಚಿಲ್ಲರೆ ಗಂಟೆಯಲ್ಲಿ ಲಿಜಿಯಾಂಗ್. ಆದರೆ ಬೀಜಿಂಗ್ ನೋಡಲು ಹೋದವರು ಲಿಜಿಯಾಂಗನ್ನೂ ಮುಟ್ಟಿ ಬರುತ್ತೇವೆಂದರೆ ದೇಶದ ಒಂದು ಮೂಲೆಯಿಂದ ಇನ್ನೊಂದಕ್ಕೆ ಇಬ್ಬರ ವಿಮಾನ ದರ ತೆರಬೇಕು.

ತಲೆ ಎಣಿಸುವ ಇನ್ನೊಂದು ಜಾಗ ಹಳೆಯ ಪೇಟೆಗಳ ಹೆಬ್ಬಾಗಿಲು. ಪಿಂಗ್ಯಾವ್‌ನ ಬೀದಿಗಳಲ್ಲಿ ಓಡಾಡಲು ದುಡ್ಡಿಲ್ಲ. ಕೋಟೆ, ಬ್ಯಾಂಕು, ಗುಡಿಗಳ ಒಳಹೋಗಲು 125 ಯುವಾನಿನ ಒಟ್ಟು ಟಿಕೆಟ್ ಇದೆ, ಅದು ಒಂದೇ ದಿನಕ್ಕೆ ಮುಗಿಯುವುದಿಲ್ಲ. ದಾಲಿಯ ಹಳೆಯ ಪೇಟೆಗೂ ಪ್ರವೇಶ ಶುಲ್ಕವಿಲ್ಲ. ಶಾಂಘೈ ಸುತ್ತಲಿನ ನೀರ ಪೇಟೆಗಳಲ್ಲಿ ಹೆಸರುವಾಸಿಯಾದ ಝೌಝುವಾಂಗ್, ವುಝೆನ್‌ಗಳಲ್ಲಿ ಬೀದಿಗೆ ಕಾಲಿಡಲೇ ತಲೆಗೆ ನೂರು, ನೂರೈವತ್ತು ಯುವಾನ್ ಕೊಡಬೇಕು. ವುಝೆನ್‌ನ ಪಶ್ಚಿಮ ಭಾಗವಂತೂ ಮೂಲ ನಿವಾಸಿಗಳನ್ನು ಬೇರೆಡೆಗೆ ಕಳಿಸಿ ಕಂಪನಿಯೊಂದು ನವೀಕರಿಸಿ ನಡೆಸುತ್ತಿರುವ ಪೇಟೆ. ಸೊಗಸಾಗಿದೆ ನಿಜ, ಆದರೆ ಅಲ್ಲಿ ಕೊಡುವುದು ಊರು ನೋಡುವ ದುಡ್ಡಲ್ಲ, ಉದ್ಯಾನ ನೋಡುವ ದುಡ್ಡು. ಹೆಬ್ಬಾಗಿಲ ಶುಲ್ಕ ಊರಿಗೂ ಒಳ್ಳೆಯದು ಮಾಡುವುದಿಲ್ಲ ಎಂಬುದಕ್ಕೆ ಹುನಾನ್ ಪ್ರಾಂತ್ಯದ ಫೆಂಗ್‌ಹುವಾಂಗ್ ಸಾಕ್ಷಿ. 2013ರ ಏಪ್ರಿಲ್‌ನಲ್ಲಿ ಅಲ್ಲಿನ ಆಡಳಿತ ಹಳೆಯ ಪೇಟೆಗೆ 148 ಯುವಾನ್ ಶುಲ್ಕ ಹಾಕಿತು. ಗಿರಾಕಿ ಕಡಿಮೆಯಾಗುತ್ತಾರೆಂದು ಅಂಗಡಿಯವರು ಬಾಗಿಲು ಹಾಕಿ ಪ್ರತಿಭಟಿಸಿದರು. 2016ರಲ್ಲಿ ಶುಲ್ಕ ಕೈಬಿಡಬೇಕಾಯಿತು. ದೊಡ್ಡ ಮೊತ್ತ ಕೊಟ್ಟು ಒಳಬಂದವನು ಅವಸರದಲ್ಲಿ ನೋಡಿ ಹೊರಡುತ್ತಾನೆ, ಬಾಗಿಲು ತೆರೆದಿದ್ದರೆ ಕೂತು ಊಟ ಮಾಡಿ ರಾತ್ರಿ ಉಳಿಯುತ್ತಾನೆ. ಬ್ಯಾಕ್‌ಪ್ಯಾಕ್ ಜೋಡಿಗೆ ಬೇಕಾದದ್ದು ಈ ಎರಡನೆಯ ಬಗೆಯ ಊರು. ಬೀಜಿಂಗ್‌ನ ಅರಮನೆ ನಗರಿಯ (ಫರ್ಬಿಡನ್ ಸಿಟಿ) 60 ಯುವಾನ್, ಶಿಯಾನ್ ಬಳಿಯ ಟೆರ್ರಾಕೋಟಾ ಸೈನ್ಯದ 120 ಯುವಾನ್, ಶಿಯಾನ್ ಕೋಟೆಯ 54 ಯುವಾನ್‌ಗಳನ್ನು ಮಾತ್ರ ಕಣ್ಣು ಮುಚ್ಚಿ ಕೊಡಿ. ಅವು ಬೇರೆಲ್ಲೂ ಸಿಗುವಂಥವಲ್ಲ.

ಇನ್ನೊಂದು ಆಕ್ಷೇಪ ಮನಸ್ಸಿನೊಳಗಿಂದಲೇ ಏಳುತ್ತದೆ. ಇಷ್ಟು ದೂರ ಹೋಗಿದ್ದೇವೆ, ವಿಮಾನಕ್ಕೂ ವೀಸಾಕ್ಕೂ ಅಷ್ಟು ಕೊಟ್ಟಿದ್ದೇವೆ, ಆದಷ್ಟು ಊರು ನೋಡಿಬಿಡೋಣ ಎಂಬುದು. ಭಾರತೀಯರಿಗೆ ಈ ಒತ್ತಡ ಇನ್ನೂ ಹೆಚ್ಚು. ಹಲವು ದೇಶಗಳವರಿಗೆ ಸಿಗುವ 240 ಗಂಟೆಗಳ ವೀಸಾರಹಿತ ಸೌಲಭ್ಯದ ಪಟ್ಟಿಯಲ್ಲಿ ನಾವಿಲ್ಲ, ವರ್ಷಗಟ್ಟಲೆ ನಿಂತುಹೋಗಿದ್ದ ನೇರ ವಿಮಾನಗಳು ಮತ್ತೆ ಹಾರತೊಡಗಿದ್ದು 2025ರ ಅಕ್ಟೋಬರ್‌ನಲ್ಲಿ. ಮತ್ತೆ ಯಾವಾಗಲೋ ಎಂಬ ಅಳುಕು ಅರ್ಥವಾಗುವಂಥದ್ದೇ. ಆದರೆ ಕೊಟ್ಟಾಗಿರುವ ಹಣ ಯಾವ ಊರು ಸೇರಿಸಿದರೂ ವಾಪಸು ಬರುವುದಿಲ್ಲ. ಅದನ್ನು ಹಂಚಬೇಕಾದದ್ದು ದಿನಗಳಿಗೆ, ಊರುಗಳಿಗಲ್ಲ. ಹನ್ನೆರಡು ದಿನದ ಪ್ರವಾಸದಲ್ಲಿ ಊರು ಮೂರಿರಲಿ ಆರಿರಲಿ, ದಿನವೊಂದಕ್ಕೆ ಬೀಳುವ ವಿಮಾನದ ಪಾಲು ಅಷ್ಟೇ. ಹೆಚ್ಚಿದ ಪ್ರತಿ ಊರೂ ಹಳೆಯ ಖರ್ಚನ್ನು ತಗ್ಗಿಸದೆ ಹೊಸ ಖರ್ಚನ್ನು ಮಾತ್ರ ಸೇರಿಸುತ್ತದೆ, ಜೊತೆಗೆ ನಿಲ್ದಾಣ, ತಪಾಸಣೆ, ಚೀಲ ಕಟ್ಟುವ ಕೆಲಸದಲ್ಲಿ ಹೆಚ್ಚುಕಡಿಮೆ ಒಂದು ಹಗಲನ್ನು ನುಂಗುತ್ತದೆ.

ಹಣ ಪಾವತಿಯಲ್ಲಿ ಮಾತ್ರ ಇಬ್ಬರಿರುವುದು ನಿಜಕ್ಕೂ ಲಾಭ. ಅಲಿಪೇ, ವೀಚಾಟ್ ಪೇಗಳಿಗೆ ಈಗ ವೀಸಾ, ಮಾಸ್ಟರ್‌ಕಾರ್ಡ್‌ನಂಥ ವಿದೇಶಿ ಕಾರ್ಡುಗಳನ್ನು ಜೋಡಿಸಬಹುದು. 200 ಯುವಾನ್‌ವರೆಗಿನ ಪಾವತಿಗೆ ಹೆಚ್ಚುವರಿ ಶುಲ್ಕವಿಲ್ಲ, ಅದಕ್ಕೂ ಮೀರಿದರೆ 3%. ಟೆರ್ರಾಕೋಟಾ ಸೈನ್ಯದ ಎರಡು ಟಿಕೆಟ್ಟನ್ನು ಒಂದೇ ಫೋನಿನಲ್ಲಿ ಕೊಂಡರೆ 240ರ ಮೇಲೆ ಶುಲ್ಕ, ಬೇರೆಬೇರೆ ಫೋನಿನಲ್ಲಿ ಕೊಂಡರೆ ಇಲ್ಲ. ಇಬ್ಬರ ಫೋನಿನಲ್ಲೂ ಬೇರೆಬೇರೆ ಬ್ಯಾಂಕಿನ ಕಾರ್ಡ್ ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ನಡೆಯುತ್ತದೆ. ಬ್ಯಾಂಕಿನ ಒಟಿಪಿ ಬರಲು ಇಬ್ಬರ ಊರಿನ ಸಿಮ್‌ಗೂ ರೋಮಿಂಗ್ ಇರಬೇಕು. ಆ 3% ಶುಲ್ಕಕ್ಕಿಂತ ದೊಡ್ಡ ಸೋರಿಕೆ ನಮ್ಮ ಕಾರ್ಡುಗಳದ್ದೇ. ಅನೇಕ ಕ್ರೆಡಿಟ್ ಕಾರ್ಡುಗಳು ವಿದೇಶಿ ಪಾವತಿಗೆ 3.5% ಮಾರ್ಕಪ್ ಹಾಕಿ ಅದರ ಮೇಲೆ 18% ಜಿಎಸ್‌ಟಿ ಸೇರಿಸುತ್ತವೆ. ಲಕ್ಷ ರೂಪಾಯಿ ಖರ್ಚಿಗೆ ನಾಲ್ಕು ಸಾವಿರದ ನೂರ ಮೂವತ್ತು ರೂಪಾಯಿ ಹೋಯಿತು. ಹೊರಡುವ ಮುನ್ನ ಮಾರ್ಕಪ್ ಇಲ್ಲದ ಅಥವಾ ಕಡಿಮೆ ಇರುವ ಕಾರ್ಡು ಮಾಡಿಸಿಕೊಂಡರೆ ಬಹಳಷ್ಟು ಡಾರ್ಮಿಟರಿ ರಾತ್ರಿಗಳ ಉಳಿತಾಯ ಕೂತಲ್ಲೇ ಕೈಸೇರುತ್ತದೆ.

ರಜೆಯೇ ಹತ್ತು–ಹನ್ನೆರಡು ದಿನ, ನಿಧಾನಕ್ಕೆ ಹೋಗಲು ನಮಗೆಲ್ಲಿ ಪುರುಸೊತ್ತು ಎನ್ನುವವರೇ ಹೆಚ್ಚು. ರಜೆ ಚಿಕ್ಕದಾದಷ್ಟೂ ಊರು ಬದಲಿಸುವುದರಲ್ಲಿ ಹೋಗುವ ಪಾಲು ದೊಡ್ಡದು, ಹಾಗಾಗಿ ನನ್ನ ಮಾತು ಹೆಚ್ಚು ಅನ್ವಯಿಸುವುದು ಅವರಿಗೇ. ರಜೆ ಯಾವಾಗ ಎಂಬುದನ್ನೂ ನೋಡಬೇಕು. ಅಕ್ಟೋಬರ್ 1ರಿಂದ ಒಂದು ವಾರ ಇಡೀ ಚೀನಾ ರಜೆಯ ಮೇಲಿರುತ್ತದೆ. ರೈಲು ಟಿಕೆಟ್ ಸಿಗುವುದೇ ಕಷ್ಟ, ಕೋಣೆ ಬಾಡಿಗೆ ಗಗನಕ್ಕೆ. ನಮ್ಮ ದಸರಾ ರಜೆ ಕೆಲವು ವರ್ಷ ಅದರ ಮೇಲೆಯೇ ಬಂದು ಕೂರುತ್ತದೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕಿತ್ತು. ಅಂಥ ವರ್ಷ ದಸರಾ ಬಿಟ್ಟು ನವೆಂಬರ್‌ನಲ್ಲಿ ಹೋದರೆ ಅರಮನೆ ನಗರಿಯ ಟಿಕೆಟ್ ಕೂಡ 60ರಿಂದ 40 ಯುವಾನಿಗೆ ಇಳಿದಿರುತ್ತದೆ. ಹನ್ನೆರಡು ರಾತ್ರಿಗಳಿದ್ದರೆ ಬೀಜಿಂಗ್‌ಗೆ ಐದು, ಪಿಂಗ್ಯಾವ್‌ಗೆ ಮೂರು, ಶಿಯಾನ್‌ಗೆ ನಾಲ್ಕು ಎಂದು ಹಂಚಿ. ವಿಮಾನ ಟಿಕೆಟ್ಟನ್ನು ಬೀಜಿಂಗ್‌ಗೆ ಇಳಿದು ಶಿಯಾನ್‌ನಿಂದ ಹಿಂದಿರುಗುವಂತೆ ಕೇಳಿ ನೋಡಿ. ಬೀಜಿಂಗ್‌ನಿಂದಲೇ ಮರಳುವ ಟಿಕೆಟ್‌ಗಿಂತ ಇಬ್ಬರಿಗೂ ಸೇರಿ ಹದಿಮೂರು ಸಾವಿರ ರೂಪಾಯಿಯೊಳಗೆ ಹೆಚ್ಚಾಗುವುದಾದರೆ ಅದನ್ನೇ ತೆಗೆದುಕೊಳ್ಳಿ. ವಾಪಸು ಬೀಜಿಂಗ್‌ಗೆ ಬರುವ ರೈಲಿಗೆ ಅಷ್ಟು ಹೇಗೂ ಕೊಡಬೇಕಾಗಿತ್ತು.