ಸರ್ವರ್ ಅಲ್ಲೇ ಇದೆ, ವಿಳಾಸ ಬೇರೆಯಾಗಿದೆ

ಕಚೇರಿಗೆ ಹೊಸ ಇಂಟರ್‌ನೆಟ್ ಸಂಪರ್ಕ ಬರುತ್ತದೆ. ಕಂಪನಿಯವರು ಹೊಸ ರೂಟರ್ ಕೂರಿಸಿ, ವೈಫೈ ಪಾಸ್‌ವರ್ಡ್ ಬರೆದುಕೊಟ್ಟು ಹೋಗುತ್ತಾರೆ. ಆಮೇಲೆ ಎಲ್ಲರ ಕಂಪ್ಯೂಟರಿನಲ್ಲೂ ಯೂಟ್ಯೂಬ್ ಸರಾಗವಾಗಿ ಓಡುತ್ತದೆ, ಲೆಕ್ಕಪತ್ರದ ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಸರ್ವರ್ ಕೆಟ್ಟಿದೆ ಎಂದು ಎಲ್ಲರೂ ಅದರತ್ತ ಬೆರಳು ತೋರಿಸುತ್ತಾರೆ. ಪಾಪ, ಅದು ಇದ್ದಲ್ಲೇ ಇದೆ. ಬದಲಾಗಿರುವುದು ಉಳಿದವರ ವಿಳಾಸ. ಸಣ್ಣ ಕಚೇರಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಈ ಪೇಚಾಟವನ್ನೇ ಹಿಡಿದು ಕಲಿಯೋಣ.

ಹಳೆಯ ರೂಟರಿನ ವಿಳಾಸ 192.168.1.1, ಸರ್ವರಿನದು 192.168.1.10 ಎಂದಿಟ್ಟುಕೊಳ್ಳಿ. ಹೊಸ ರೂಟರ್ 192.168.0.1 ಎಂದು ಬಂದಿದೆ. ನಮ್ಮ ನಿಮ್ಮ ಕಂಪ್ಯೂಟರುಗಳು ರೂಟರನ್ನು ಕೇಳಿ ತಾವೇ ವಿಳಾಸ ಪಡೆಯುತ್ತವೆ. ಈ ಹಂಚಿಕೆಯ ವ್ಯವಸ್ಥೆಗೆ ಡಿಎಚ್‌ಸಿಪಿ ಎನ್ನುತ್ತಾರೆ. ಹಾಗಾಗಿ ಅವೆಲ್ಲ 192.168.0.25, 192.168.0.26 ಎಂದು ಹೊಸ ರೂಟರಿನ ಬಳಗಕ್ಕೆ ಸೇರಿಕೊಂಡವು. ಸರ್ವರಿಗೆ ಯಾರೋ ಹಿಂದೆ ಕೈಯಿಂದಲೇ ಸ್ಥಿರ ವಿಳಾಸ ಬರೆದಿದ್ದರು. ಅದು ಹಳೆಯ ಬಳಗದಲ್ಲೇ ಉಳಿಯಿತು.

ಸರ್ವರಿನಲ್ಲಿ ತುಂಬಬೇಕಾದ ಮನೆಗಳು ನಾಲ್ಕು: ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್. ಹೊಸಬರಿಗೆ ತೊಡಕಾಗುವುದು ಮಾಸ್ಕ್. ಹಳೆಯ ಲ್ಯಾಂಡ್‌ಲೈನ್ ಫೋನನ್ನು ನೆನಪಿಸಿಕೊಳ್ಳಿ. ಊರೊಳಗೆ ಮಾತಾಡಲು ಎಸ್‌ಟಿಡಿ ಕೋಡ್ ಬೇಡ, ಪರವೂರಿಗೆ ಬೇಕು. ಕೋಡಿನ ಉದ್ದವೂ ಊರಿಂದೂರಿಗೆ ಬೇರೆ: ಬೆಂಗಳೂರಿಗೆ 080, ಮೈಸೂರಿಗೆ 0821, ಶಿವಮೊಗ್ಗಕ್ಕೆ 08182. ಐಪಿ ವಿಳಾಸದಲ್ಲಿ ಎಲ್ಲಿಯವರೆಗೆ ಊರು, ಎಲ್ಲಿಂದ ಮನೆ ಎಂದು ಗೆರೆ ಎಳೆಯುವುದೇ ಮಾಸ್ಕಿನ ಕೆಲಸ. 255.255.255.0 ಎಂದರೆ ಮೊದಲ ಮೂರು ಸಂಖ್ಯೆ ಊರಿನದು. ಮೂರೂ ಹೊಂದಿದರೆ ನೇರ ಮಾತು, ಇಲ್ಲವಾದರೆ ಗೇಟ್‌ವೇ ಮೂಲಕ, ಅಂದರೆ ನಮ್ಮಲ್ಲಿ ರೂಟರಿನ ಮೂಲಕ. ನಮ್ಮ ಸರ್ವರ್ 192.168.1 ಎಂಬ ಊರಲ್ಲಿ, ಉಳಿದವರು 192.168.0 ರಲ್ಲಿ. ಒಂದೇ ಕೋಣೆಯಲ್ಲಿದ್ದರೂ ಅವು ಪರವೂರಿನವು!

ಮಾಸ್ಕನ್ನು ತಪ್ಪಾಗಿ 255.255.0.0 ಎಂದು ಬರೆದರೆ ಇನ್ನೊಂದು ಬಗೆಯ ತಲೆನೋವು. ಪಕ್ಕದ ಕಂಪ್ಯೂಟರ್ ಸಿಗುತ್ತದೆ, ಇಂಟರ್‌ನೆಟ್ಟೂ ಸಿಗುತ್ತದೆ. ಮೇಲಿನ ಮಹಡಿಯವರು 192.168.5 ಎಂಬ ಬೇರೆ ನೆಟ್‌ವರ್ಕಿನಲ್ಲಿದ್ದರೆ ಅವರಿಗೆ ಮಾತ್ರ ಸರ್ವರಿನಿಂದ ಉತ್ತರ ಹೋಗದು, ಏಕೆಂದರೆ ಸರ್ವರ್ ಅವರನ್ನೂ ತನ್ನೂರಿನವರೆಂದೇ ತಿಳಿದು ಗೇಟ್‌ವೇಯನ್ನು ಕೇಳುವುದೇ ಇಲ್ಲ. ಪೂರ್ತಿ ಕೆಟ್ಟದ್ದನ್ನು ಹುಡುಕುವುದು ಸುಲಭ; ಇಂಥ ಅರೆಬರೆ ತಪ್ಪೇ ದಿನವಿಡೀ ಕಾಡುತ್ತದೆ.

ಕೈ ಹಾಕುವ ಮೊದಲು ಒಂದು ಪ್ರಶ್ನೆ. ಬದಲಾದದ್ದು ರೂಟರ್ ತಾನೆ? ಹಾಗಿದ್ದರೆ ಸರ್ವರನ್ನೇಕೆ ಬದಲಿಸಬೇಕು? ಹೊಸ ರೂಟರಿನ ಒಳವಿಳಾಸವನ್ನೇ 192.168.1.1 ಮಾಡಿ ಕಂಪ್ಯೂಟರುಗಳನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಬಹುಪಾಲು ಮುಗಿಯಿತು. ನನ್ನ ಮೊದಲ ಸಲಹೆ ಯಾವಾಗಲೂ ಇದೇ. 192.168 ರಿಂದ ಶುರುವಾಗುವ ವಿಳಾಸಗಳು ಖಾಸಗಿ ಬಳಕೆಗೆಂದೇ ಮೀಸಲಾದವು. ಯಾವ ಕಚೇರಿಯೂ ಬಳಸಬಹುದು, ಯಾರ ಅನುಮತಿಯೂ ಬೇಡ.

ಕೆಲವು ಕಂಪನಿಗಳು ರೂಟರಿನ ವಿಳಾಸ ಬದಲಿಸುವ ಪುಟಕ್ಕೆ ಬೀಗ ಹಾಕಿರುತ್ತವೆ. ಆಗ ಸರ್ವರೇ ಬಗ್ಗಬೇಕು. ಮನೆಯಿಂದ ರಿಮೋಟ್‌ನಲ್ಲಿ ಈ ಕೆಲಸ ಮಾಡಬೇಡಿ. ವಿಳಾಸ ಬದಲಾದ ಕ್ಷಣವೇ ನಿಮ್ಮ ಸಂಪರ್ಕ ಕಡಿಯುತ್ತದೆ, ಕೂತ ಕೊಂಬೆಯನ್ನೇ ಕಡಿದಂತೆ. ಸರ್ವರಿನ ಮುಂದೆ ಕೀಬೋರ್ಡ್ ಇಟ್ಟುಕೊಂಡು ಕುಳಿತು, ಈಗಿರುವ ನಾಲ್ಕೂ ಮನೆಗಳ ಫೋಟೋ ತೆಗೆದುಕೊಳ್ಳಿ. ಹೊಸ ವಿಳಾಸ 192.168.0.10 ಆಗಲಿ. ಆದರೆ ರೂಟರ್ ತಾನಾಗಿ ಹಂಚುವ ಪಟ್ಟಿಯ ಒಳಗೆ ಅದು ಬರಬಾರದು. ಬಂದರೆ ಎಂದೋ ಒಂದು ದಿನ ಯಾರದೋ ಮೊಬೈಲಿಗೂ ಅದೇ ವಿಳಾಸ ಸಿಕ್ಕಿ ಜಗಳ ಹತ್ತುತ್ತದೆ.

ವಿಂಡೋಸ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು ತುಂಬಿದರೆ ಆಯಿತು. ಉಬುಂಟು ಸರ್ವರಿನಲ್ಲಿ ನೆಟ್‌ಪ್ಲ್ಯಾನ್ ಫೈಲ್ ತಿದ್ದಬೇಕು. ಅಲ್ಲಿ ವಿಳಾಸ ಮತ್ತು ಮಾಸ್ಕ್ ಒಟ್ಟಿಗೇ ಬರುತ್ತವೆ: 192.168.0.10/24. ವಿಳಾಸದ 32 ಬಿಟ್‌ಗಳಲ್ಲಿ ಮೊದಲ 24 ಊರಿನದು ಎಂಬುದು ಇದರ ಅರ್ಥ. ಸಾಲುಗಳನ್ನು ಒಳಕ್ಕೆ ಸರಿಸಲು ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ ಬಳಸಿ. ಉಳಿಸಿದ ಮೇಲೆ ನೇರವಾಗಿ ‘ನೆಟ್‌ಪ್ಲ್ಯಾನ್ ಅಪ್ಲೈ’ ಕೊಡುವ ಬದಲು ‘ನೆಟ್‌ಪ್ಲ್ಯಾನ್ ಟ್ರೈ’ ಕೊಡಿ. ಅದು ಹೊಸ ವಿಳಾಸ ಹಾಕಿ 120 ಸೆಕೆಂಡು ಕಾಯುತ್ತದೆ. ನೀವು ಎಂಟರ್ ಒತ್ತದಿದ್ದರೆ ಹಳೆಯದಕ್ಕೇ ಮರಳುತ್ತದೆ.

ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬಗ್ಗೆ ಒಂದು ಮಾತು. ಕಣ್ಣುಮುಚ್ಚಿ ಗೂಗಲ್‌ನ 8.8.8.8 ಬರೆಯುವ ಚಾಳಿ ಎಲ್ಲೆಡೆ ಇದೆ. ಕಚೇರಿಯ ಲಾಗಿನ್‌ಗಳೆಲ್ಲ ವಿಂಡೋಸ್ ಡೊಮೇನ್ ಮೂಲಕ ನಡೆಯುತ್ತಿದ್ದರೆ ಅಲ್ಲಿ ಡೊಮೇನ್ ಸರ್ವರಿನ ವಿಳಾಸವೇ ಇರಬೇಕು. ಒಳಮನೆಯ ಹೆಸರುಗಳು ಗೂಗಲ್‌ಗೆ ಗೊತ್ತಿರುವುದಿಲ್ಲ.

ಪರೀಕ್ಷೆಗೆ ಪಿಂಗ್ ಸಾಕು, ಹತ್ತಿರದಿಂದ ದೂರಕ್ಕೆ: ಮೊದಲು ಗೇಟ್‌ವೇ, ಆಮೇಲೆ 8.8.8.8, ಕೊನೆಗೆ ಯಾವುದಾದರೂ ಜಾಲತಾಣದ ಹೆಸರು. ಗೇಟ್‌ವೇ ಸಿಗದಿದ್ದರೆ ವಿಳಾಸ, ಮಾಸ್ಕ್ ಅಥವಾ ಕೇಬಲ್ ನೋಡಿ. ಸಂಖ್ಯೆ ಸಿಕ್ಕು ಹೆಸರು ಸಿಗದಿದ್ದರೆ ತಪ್ಪು ಡಿಎನ್‌ಎಸ್‌ನದು. ನಂತರ ಬೇರೊಂದು ಕಂಪ್ಯೂಟರಿನಿಂದ ಸರ್ವರಿಗೆ ಪಿಂಗ್ ಮಾಡಿ, ಫೋಲ್ಡರನ್ನೂ ತೆರೆದು ನೋಡಿ.

ಹಳೆಯ 192.168.1.10 ಇನ್ನೂ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದು ಉಳಿದಿರುತ್ತದೆ: ಡೆಸ್ಕ್‌ಟಾಪಿನ ಶಾರ್ಟ್‌ಕಟ್, ಸ್ಕ್ಯಾನ್ ಮಾಡಿದ್ದನ್ನು ಫೋಲ್ಡರಿಗೆ ಕಳಿಸುವ ಪ್ರಿಂಟರ್, ರಾತ್ರಿ ತಾನಾಗಿ ನಡೆಯುವ ಬ್ಯಾಕಪ್. ಬ್ಯಾಕಪ್ಪನ್ನು ಮೊದಲು ನೋಡಿ. ಪ್ರಿಂಟರ್ ನಿಂತರೆ ಯಾರಾದರೂ ಬಂದು ದೂರುತ್ತಾರೆ, ಬ್ಯಾಕಪ್ ನಿಂತದ್ದು ಯಾರ ಗಮನಕ್ಕೂ ಬರುವುದಿಲ್ಲ.